‘ಫೈನ್’ ಯಾವಾಗ ಹೊಗಳಿಕೆ, ಯಾವಾಗ ಬರೀ ‘ಪರವಾಗಿಲ್ಲ’

ಊಟ ಚೆನ್ನಾಗಿದೆ ಅನ್ನಬೇಕು. ಥಟ್ಟನೆ ಬಾಯಿಗೆ ಬರುವ ಇಂಗ್ಲಿಷ್, ‘ದ ಫುಡ್ ಈಸ್ ಫೈನ್.’ ಹೇಳಿದವರ ಮನಸ್ಸಿನಲ್ಲಿರುವುದು ಮೆಚ್ಚುಗೆ. ಇಂಗ್ಲಿಷೇ ಮನೆಮಾತಾದ ಆತಿಥೇಯರ ಕಿವಿಗೆ ಬೀಳುವುದು ‘ತಿನ್ನಬಹುದು, ಪರವಾಗಿಲ್ಲ’ ಎಂಬ ಮಾತು. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ, ಉಚ್ಚಾರವೂ ಸರಿ, ಆದರೂ ಅಡುಗೆ ಮಾಡಿದವರ ಮುಖ ಸಣ್ಣದಾಗುತ್ತದೆ.

ಇದಕ್ಕೆ ಕಾರಣ ನಮ್ಮ ‘ಚೆನ್ನಾಗಿದೆ’. ಅದು ಬಹಳ ಅಗಲವಾದ ಮಾತು. ಮನಸ್ಸು ತುಂಬಿದ ಸಂಗೀತಕ್ಕೂ ಚೆನ್ನಾಗಿದೆ, ನೆಂಟರ ಮನೆಯ ಯೋಗಕ್ಷೇಮಕ್ಕೂ ಚೆನ್ನಾಗಿದ್ದೀವಿ. ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಬೇರೆ. ಶಾಲೆಯಲ್ಲಿ ‘ಹೌ ಆರ್ ಯು?’ ‘ಐ ಆ್ಯಮ್ ಫೈನ್’ ಎಂದು ಉರು ಹೊಡೆದವರಿಗೆ ಫೈನ್ ಎಂದರೆ ಚೆನ್ನ ಎಂದು ಅಚ್ಚೊತ್ತಿಬಿಟ್ಟಿರುತ್ತದೆ. ಆ ಅಚ್ಚನ್ನು ಸ್ವಲ್ಪ ಸಡಿಲಿಸಿದರೆ ಉಳಿದದ್ದು ಸುಲಭ.

ಬೇರು ಎಲ್ಲಿದೆ

ಲ್ಯಾಟಿನ್ ಭಾಷೆಯಲ್ಲಿ ‘ಫೀನಿಸ್’ ಎಂದರೆ ಕೊನೆ, ಎಲ್ಲೆ. ಅದು ಹಳೆಯ ಫ್ರೆಂಚಿಗೆ ಬಂದು ‘ಫಿನ್’ ಆದಾಗ ‘ಕೊನೆಮುಟ್ಟಿಸಿದ್ದು, ಇನ್ನು ತಿದ್ದಲು ಏನೂ ಉಳಿಯದ್ದು’ ಎಂಬ ಅರ್ಥ ಪಡೆಯಿತು. ಅಪ್ಪಟ ಚಿನ್ನ, ನುಣ್ಣನೆಯ ಹಿಟ್ಟು, ಸಪೂರ ನೂಲು, ನುರಿತ ಕೈ, ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಫೈನ್ ಸಲ್ಲುವುದು ಈ ದಾರಿಯಿಂದ. ವ್ಯಾಜ್ಯವನ್ನು ಮುಗಿಸಲು ಕಟ್ಟುವ ಹಣವೂ ಅದೇ ‘ಕೊನೆ’ಯಿಂದ ಹುಟ್ಟಿದ್ದು. ನಾವು ಕಟ್ಟುವ ದಂಡ ಫೈನ್ ಆದದ್ದು ಹೀಗೆ. ಫಿನಿಷ್, ಫೈನಲ್, ಫೈನಾನ್ಸ್ ಎಲ್ಲವೂ ಒಂದೇ ಬಳ್ಳಿಯ ಕಾಯಿ.

ಮಾತಿನ ನಡುವೆ ಬರುವ ‘ಫೈನ್’ಗೆ ಕನ್ನಡದಲ್ಲಿ ಸರಿಸಾಟಿ ಹುಡುಕಿದರೆ ಸಿಗುವುದು ‘ಆಯ್ತು’. ಇದೂ ‘ಮುಗಿಯಿತು’ ಎಂಬುದರಿಂದಲೇ ಒಪ್ಪಿಗೆಯ ಮಾತಾಗಿದೆ. ‘ನಾಳೆ ಬರ್ತೀನಿ.’ ‘ಆಯ್ತು.’ ಇಲ್ಲಿ ಆಯ್ತು ಎಂದವರು ಏನನ್ನೂ ಹೊಗಳಿಲ್ಲ, ಮಾತನ್ನು ಅಲ್ಲಿಗೆ ಮುಗಿಸಿದ್ದಾರೆ. ಇಂಗ್ಲಿಷಿನ ಫೈನ್ ಮಾಡುವ ಕೆಲಸವೂ ಅಷ್ಟೇ. ಗುಣದ ಬಗ್ಗೆ ಕೇಳಿದಾಗ ಬರುವ ಫೈನ್‌ಗೆ ‘ಪರವಾಗಿಲ್ಲ’, ಬಡಿಸುವಾಗ ಬರುವ ಫೈನ್‌ಗೆ ‘ಸಾಕು’. ಆಯ್ತು, ಪರವಾಗಿಲ್ಲ, ಸಾಕು: ಸಂಭಾಷಣೆಯ ಫೈನ್‌ನ ಬಹುಪಾಲು ಇಷ್ಟರಲ್ಲೇ ಅಡಗಿದೆ. ಚೆನ್ನಾಗಿದೆ ಎಂಬುದು ಈ ಪಟ್ಟಿಯಲ್ಲಿ ಬರುವುದು ಆರೋಗ್ಯ ಕೇಳಿದಾಗ ಮಾತ್ರ.

ಗುರುತಿಸುವ ಎರಡು ಪರೀಕ್ಷೆ

ಮೊದಲು ಪದ ಎಲ್ಲಿ ಕೂತಿದೆ ನೋಡಿ. ನಾಮಪದಕ್ಕಿಂತ ಮೊದಲು ಕೂತರೆ ಅದು ಹೊಗಳಿಕೆ, ಅಥವಾ ನುಣುಪು, ಸಪೂರ ಎಂಬಂಥ ಅಳತೆ. ‘ಈಸ್’, ‘ಆ್ಯಮ್’, ‘ವಾಸ್’ ಆದಮೇಲೆ ಒಂಟಿಯಾಗಿ ಕೂತರೆ ಸಾಮಾನ್ಯವಾಗಿ ‘ತೊಂದರೆ ಇಲ್ಲ’ ಎಂದಷ್ಟೇ. ‘ಶಿ ಈಸ್ ಎ ಫೈನ್ ಟೀಚರ್’ ಎಂದರೆ ಬಹಳ ಒಳ್ಳೆಯ ಮೇಷ್ಟ್ರು. ‘ದ ಟೀಚರ್ ಈಸ್ ಫೈನ್’ ಎಂದರೆ ಮೇಷ್ಟ್ರು ಆರಾಮಾಗಿದ್ದಾರೆ, ಅಥವಾ ಅವರ ಪಾಠ ಪರವಾಗಿಲ್ಲ. ಕಚೇರಿಯಲ್ಲಿ ವರ್ಷದ ಮೌಲ್ಯಮಾಪನ ಬರೆಯುವವರು ಇದನ್ನು ಎಚ್ಚರದಿಂದ ನೋಡಬೇಕು. ‘ಯು ಹ್ಯಾವ್ ಡನ್ ಫೈನ್ ವರ್ಕ್’ ಎಂಬುದು ಬೆನ್ನು ತಟ್ಟುವ ಮಾತು. ‘ಯುವರ್ ವರ್ಕ್ ಈಸ್ ಫೈನ್’ ಎಂಬುದು ‘ದೂರೇನಿಲ್ಲ’ ಎನ್ನುವ ಮಾತು. ಅವೇ ಪದಗಳು, ಜಾಗ ಬದಲಾಗಿದೆ, ಅಷ್ಟರಲ್ಲೇ ಓದುವವರ ಮನಸ್ಸು ಕುಗ್ಗುತ್ತದೆ.

ಈ ಪರೀಕ್ಷೆ ಕೆಲವು ಕಡೆ ಸಾಲದು. ‘ದ ಪೌಡರ್ ಈಸ್ ಫೈನ್’ ಎಂದರೆ ಪುಡಿ ನುಣ್ಣಗಿದೆ ಎಂದೋ, ಪುಡಿಗೆ ಏನೂ ಆಗಿಲ್ಲ ಎಂದೋ? ಆಗ ಫೈನ್ ಪದಕ್ಕೆ ಮೊದಲು ‘ವೆರಿ’ ಸೇರಿಸಿ ನೋಡಿ. ನುಣುಪು, ಸಪೂರ, ಉತ್ತಮ ಎಂಬ ಅರ್ಥಗಳಿಗೆ ವೆರಿ ಸಲೀಸಾಗಿ ಹೊಂದುತ್ತದೆ: ವೆರಿ ಫೈನ್ ಪೌಡರ್, ವೆರಿ ಫೈನ್ ಟೀಚರ್. ‘ಪರವಾಗಿಲ್ಲ’ ಎಂಬ ಅರ್ಥಕ್ಕೆ ಹೊಂದುವುದಿಲ್ಲ. ‘ತುಂಬಾ ಆಯ್ತು’ ಎಂದು ಯಾರೂ ಒಪ್ಪಿಗೆ ಕೊಡುವುದಿಲ್ಲವಲ್ಲ, ಹಾಗೆಯೇ ‘ಐ ಆ್ಯಮ್ ವೆರಿ ಫೈನ್’ ಕಿವಿಗೆ ಒಡ್ಡೊಡ್ಡಾಗಿ ಕೇಳುತ್ತದೆ. ಒತ್ತಿ ಹೇಳಬೇಕೆಂದರೆ ‘ಜಸ್ಟ್ ಫೈನ್’, ‘ಪರ್ಫೆಕ್ಟ್ಲಿ ಫೈನ್’, ‘ಆ್ಯಬ್ಸಲ್ಯೂಟ್ಲಿ ಫೈನ್’ ಅನ್ನಿ. ಆರೋಗ್ಯಕ್ಕಾದರೆ ‘ವೆರಿ ವೆಲ್’ ನಡೆಯುತ್ತದೆ.

‘ಫೈನರ್’, ‘ಫೈನೆಸ್ಟ್’ ಕೂಡ ಹೀಗೆಯೇ, ವಸ್ತುವಿಗೂ ಗುಣಕ್ಕೂ ಹೊಂದುತ್ತವೆ, ಕ್ಷೇಮಕ್ಕೆ ಹೊಂದುವುದಿಲ್ಲ. ನಿನ್ನೆಗಿಂತ ಇವತ್ತು ವಾಸಿ ಎನ್ನಲು ‘ಐ ಆ್ಯಮ್ ಫೈನರ್’ ಅಲ್ಲ, ‘ಐ ಆ್ಯಮ್ ಬೆಟರ್’.

ನಾಮಪದಕ್ಕಿಂತ ಮೊದಲು ಕೂತೂ ಹೊಗಳಿಕೆ ಆಗದ ಒಂದು ಬಳಕೆ ಇದೆ. ‘ಎ ಫೈನ್ ಮೆಸ್’ ಎಂದರೆ ದೊಡ್ಡ ಅವಾಂತರ. ನಾವು ‘ಒಳ್ಳೇ ಫಜೀತಿ’, ‘ಒಳ್ಳೇ ಕಥೆ ಆಯ್ತಲ್ಲ’ ಎನ್ನುವಾಗಿನ ‘ಒಳ್ಳೇ’ ಇದೆಯಲ್ಲ, ಅದರ ಜೊತೆಗಾರ ಇದು. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ, ಧಾಟಿಯಲ್ಲೇ ಗೊತ್ತಾಗುತ್ತದೆ.

ಮಾತುಕತೆಯಲ್ಲಿ ಎಡವುವ ಜಾಗಗಳು

‘ಮೋರ್ ಕಾಫಿ?’ ಎಂದು ಕೇಳಿದಾಗ ‘ಐ ಆ್ಯಮ್ ಫೈನ್, ಥ್ಯಾಂಕ್ಸ್’ ಎಂದರೆ ಬೇಡ ಎಂದರ್ಥ. ಮಗಳ ಮನೆಗೆಂದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋದ ಹಿರಿಯರು ಸಿಕ್ಕಿಬೀಳುವುದು ಇಲ್ಲೇ. ನಮ್ಮಲ್ಲಿ ಮೊದಲ ಸಲ ‘ಬೇಡಿ’ ಎನ್ನುವುದು ಮರ್ಯಾದೆ, ‘ಅಯ್ಯೋ, ಸ್ವಲ್ಪ ಹಾಕಿಸ್ಕೊಳ್ಳಿ’ ಎಂದು ಇನ್ನೊಮ್ಮೆ ಕೇಳುವುದು ಬಡಿಸುವವರ ಕರ್ತವ್ಯ. ಆ ಊರಿನ ನೆರೆಯವರು ಎರಡನೇ ಸಲ ಕೇಳದೇ ಇರಬಹುದು. ಪಾತ್ರೆ ಒಳಗೆ ಹೋಗಿಬಿಡುತ್ತದೆ. ಬೇಕಿದ್ದರೆ ಮೊದಲ ಸಲವೇ ‘ಯೆಸ್, ಪ್ಲೀಸ್’ ಎನ್ನಿ, ಅದರಲ್ಲಿ ಸಂಕೋಚವಿಲ್ಲ. ಬೇಡದಿದ್ದರೆ ‘ಐ ಆ್ಯಮ್ ಫೈನ್’ ಜೊತೆ ‘ಥ್ಯಾಂಕ್ಸ್’ ಬಿಡಬೇಡಿ, ಬಿಟ್ಟರೆ ಒರಟಾಗುತ್ತದೆ.

ಬಿದ್ದವರನ್ನು ಎತ್ತುವಾಗ, ಮುಖ ಬಾಡಿದವರನ್ನು ಕಂಡಾಗ ‘ಆರ್ ಯು ಫೈನ್?’ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಅರ್ಥವಾಗುತ್ತದೆ, ಆದರೆ ಈ ಅರ್ಥದ ಫೈನ್ ಹೆಚ್ಚಾಗಿ ಉತ್ತರದ ಪದ, ಪ್ರಶ್ನೆಯದ್ದಲ್ಲ. ಪ್ರಶ್ನೆಗೆ ‘ಆರ್ ಯು ಓಕೆ?’ ಅಥವಾ ‘ಆರ್ ಯು ಆಲ್‌ರೈಟ್?’ ಸಹಜ. ಮೈ ಸರಿಯಿಲ್ಲ ಎನ್ನಲು ‘ಐ ಆ್ಯಮ್ ನಾಟ್ ಫೈನ್’ಗಿಂತ ‘ಐ ಆ್ಯಮ್ ನಾಟ್ ವೆಲ್’ ಅನ್ನುವುದೇ ಲೇಸು.

ಬರೆಯುವಾಗ ಇನ್ನಷ್ಟು ಜಾಗ್ರತೆ ಬೇಕು. ದನಿ ಕೇಳಿಸುವಾಗ ‘ಫೈನ್’ ಮೃದುವಾಗಿರಬಲ್ಲದು. ಫೋನಿನ ಪರದೆಯ ಮೇಲೆ ಆ ಒಂದೇ ಪದ, ಮುಂದೊಂದು ಪೂರ್ಣವಿರಾಮ ಬಂದರೆ ‘ಆಯ್ತು ಬಿಡಿ’ ಎಂದು ಮುಖ ತಿರುಗಿಸಿದ ಹಾಗೆ ಕಾಣುತ್ತದೆ. ಸಭೆಯನ್ನು 4 ಗಂಟೆಗೆ ಇಟ್ಟುಕೊಳ್ಳೋಣವೇ ಎಂದು ಸಹೋದ್ಯೋಗಿ ಕೇಳಿದರೆ ‘ಫೋರ್ ಈಸ್ ಫೈನ್ ವಿತ್ ಮಿ, ಥ್ಯಾಂಕ್ಸ್’ ಎಂದು ಇಡೀ ವಾಕ್ಯ ಬರೆಯಿರಿ. ‘ಫೈನ್ ಬೈ ಮಿ’ ಕೂಡ ಸರಿ, ಇನ್ನಷ್ಟು ಸಲುಗೆಯದು. ‘ಫೈನ್ ಟು ಮಿ’ ಮಾತ್ರ ಬೇಡ, ನಮ್ಮ ‘ನನಗೆ’ಯನ್ನು ಹಾಗೇ ಇಳಿಸಿದಾಗ ಆಗುವ ತಪ್ಪು ಅದು.

ಹಾಗಾದರೆ ಊಟ ನಿಜಕ್ಕೂ ಹಿಡಿಸಿದರೆ ಏನನ್ನಬೇಕು? ‘ಲವ್ಲಿ’, ‘ಡಿಲಿಷಸ್’, ‘ರಿಯಲಿ ಗುಡ್’, ಇವುಗಳಲ್ಲಿ ಯಾವುದಾದರೂ ಸರಿ. ಅದರ ಹಿಂದೆಯೇ ಒಂದು ವ್ಯಂಜನದ ಹೆಸರು ಹಿಡಿದು ಇದು ಇಷ್ಟವಾಯಿತು ಎಂದರೆ ಮಾತು ತೂಕ ಪಡೆಯುತ್ತದೆ.

ವಸ್ತುಗಳಿಗೆ ಅಂಟಿದ ಫೈನ್

ಇಲ್ಲಿ ಕನ್ನಡವೇ ಶ್ರೀಮಂತ. ಇಂಗ್ಲಿಷ್ ಒಂದೇ ಪದದಲ್ಲಿ ಹೇಳುವುದನ್ನು ನಾವು ವಸ್ತು ನೋಡಿ ಬೇರೆ ಬೇರೆ ಹೇಳುತ್ತೇವೆ. ಹಿಟ್ಟಿಗೆ ನುಣ್ಣಗೆ, ಮರಳಿಗೆ ಸಣ್ಣ, ನೂಲಿಗೆ ಸಪೂರ, ಗೆರೆಗೆ ತೆಳು, ವ್ಯತ್ಯಾಸಕ್ಕೆ ಸೂಕ್ಷ್ಮ, ಹಾಸ್ಯಕ್ಕೆ ನವಿರು, ಮಳೆಗೆ ತುಂತುರು, ಚಿನ್ನಕ್ಕೆ ಅಪ್ಪಟ. ಆಯುರ್ವೇದದ ಚೂರ್ಣಕ್ಕೆ ವಸ್ತ್ರಗಾಳಿತ ಎಂಬ ಅಂದದ ಮಾತೇ ಇದೆ, ಬಟ್ಟೆಯಲ್ಲಿ ಸೋಸಿದಷ್ಟು ನುಣುಪು ಎಂದು. ಅನುವಾದ ಮಾಡುವವರು ಎಲ್ಲ ಕಡೆಯೂ ‘ಉತ್ತಮ’ ಎಂದು ತುಂಬಿಬಿಟ್ಟರೆ ‘ಉತ್ತಮ ಮರಳು’, ‘ಉತ್ತಮ ಸೂಜಿ’ಗಳು ಹುಟ್ಟಿಕೊಳ್ಳುತ್ತವೆ. ಯಂತ್ರಾನುವಾದದಲ್ಲಿ ಇದನ್ನು ಮೊದಲು ಹುಡುಕಿ ತಿದ್ದಿ.

ಅಡುಗೆಮನೆಯಲ್ಲಿ ನಮಗೇ ವಿಶೇಷವಾದ ಒಂದು ತೊಡಕಿದೆ. ನಾವು ‘ನೈಸಾಗಿ ರುಬ್ಬಿ’ ಅನ್ನುತ್ತೇವೆ. ಇಂಗ್ಲಿಷಿನ ‘ನೈಸ್’ ಕನ್ನಡದ ಒರಳಿಗೆ ಬಂದು ‘ಫೈನ್’ನ ಕೆಲಸ ಹಿಡಿದುಕೊಂಡಿದೆ. ಅದನ್ನು ಮರಳಿ ಇಂಗ್ಲಿಷಿಗೆ ಒಯ್ದು ‘ಗ್ರೈಂಡ್ ಇಟ್ ನೈಸ್ಲಿ’ ಎಂದು ಬರೆದರೆ ಓದಿದವರು ಚೆನ್ನಾಗಿ, ಮುತುವರ್ಜಿಯಿಂದ ರುಬ್ಬಬೇಕು ಎಂದುಕೊಳ್ಳುತ್ತಾರೆ. ತರಿ ಉಳಿಯಬಾರದು ಎಂಬುದು ತಲುಪುವುದೇ ಇಲ್ಲ. ಬರೆಯಬೇಕಾದದ್ದು ‘ಗ್ರೈಂಡ್ ಟು ಎ ಫೈನ್ ಪೇಸ್ಟ್’. ತರಿತರಿಗೆ ‘ಕೋರ್ಸ್’. ಹೆಚ್ಚುವಾಗ ‘ಫೈನ್ಲಿ ಚಾಪ್ಡ್’ ಎಂದಿದ್ದರೆ ಸುಮಾರು 3 ಮಿಲಿಮೀಟರಿನ ಚೂರು, ಒಗ್ಗರಣೆಯ ಈರುಳ್ಳಿಗೆ ಹೆಚ್ಚುವಷ್ಟು. ಅದಕ್ಕಿಂತ ಸಣ್ಣಗೆ, ಬಹುತೇಕ ಜಜ್ಜಿದ ಹಾಗೆ ಬೇಕಿದ್ದರೆ ‘ಮಿನ್ಸ್ಡ್’ ಎನ್ನುತ್ತಾರೆ.

ಹೊರದೇಶದ ಅಂಗಡಿಯಲ್ಲಿ ‘ಫೈನ್ ಸೆಮೊಲಿನಾ’ ಎಂದು ಬರೆದ ಪೊಟ್ಟಣ ಚಿರೋಟಿ ರವೆಗೆ ಹತ್ತಿರ. ಕೇಸರಿಬಾತಿಗೆ ಸರಿ, ಉಪ್ಪಿಟ್ಟಿಗೆ ಹಾಕಿದರೆ ಅಂಟಂಟಾಗಿ ಮುದ್ದೆಯಾಗುತ್ತದೆ. ಉಪ್ಪಿಟ್ಟಿಗೆ ‘ಕೋರ್ಸ್’ ಎಂದಿರುವುದನ್ನೇ ಎತ್ತಿಕೊಳ್ಳಿ. ಪೇಪರ್ ಅವಲಕ್ಕಿ ಕೇಳುವಾಗ ಮಾತ್ರ ಫೈನ್ ಬೇಡ, ಅದಕ್ಕೆ ‘ಥಿನ್’. ಕಾಳು, ಎಳೆ, ಗೆರೆ, ಪುಡಿ ಇವಕ್ಕೆ ಫೈನ್. ಹಾಳೆಯ ಹಾಗೆ ಚಪ್ಪಟೆಯಾದದ್ದಕ್ಕೆ ಥಿನ್.

ಕಾಫಿ ಪುಡಿಯ ಪೊಟ್ಟಣದ ಮೇಲೆ ಕಾಣುವ ಫೈನ್ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಷ್ಟೇ ಇಳಿಯಬೇಕು. ಎಸ್ಪ್ರೆಸೊ ಯಂತ್ರದಲ್ಲಿ ಒತ್ತಡ ಹಾಕಿ ನೀರನ್ನು ನೂಕುತ್ತಾರೆ, ಅದಕ್ಕಾಗಿ ಪುಡಿ ಬಹಳ ನುಣ್ಣಗಿರುತ್ತದೆ. ‘ಎಸ್ಪ್ರೆಸೊ, ಫೈನ್’ ಎಂದಿರುವ ಪುಡಿಯನ್ನು ನಮ್ಮ ಫಿಲ್ಟರಿಗೆ ಒತ್ತಿ ತುಂಬಿದರೆ ತೂತು ಕಟ್ಟಿಕೊಂಡು ಡಿಕಾಕ್ಷನ್ ತೊಟ್ಟಿಕ್ಕುವುದೇ ನಿಲ್ಲಬಹುದು. ‘ಕೋರ್ಸ್’ ತಂದರೆ ನೀರು ಸರಸರನೆ ಇಳಿದು ಬಣ್ಣದ ನೀರಷ್ಟೇ ಸಿಗುತ್ತದೆ. ‘ಮೀಡಿಯಂ ಫೈನ್’ ಎಂದಿರುವುದು ನಮಗೆ ಹೊಂದುತ್ತದೆ. ಫೈನ್ ಎಂಬುದು ಇಲ್ಲಿ ದರ್ಜೆಯಲ್ಲ, ಕಣದ ಗಾತ್ರ.

ಶಾಂಪೂ ಬಾಟಲಿಯ ಮೇಲೂ ಹೀಗೆಯೇ. ‘ಫೈನ್ ಹೇರ್’ ಎಂದರೆ ಒಳ್ಳೆಯ ಕೂದಲಲ್ಲ, ಕೂದಲು ಉದುರಿ ತೆಳ್ಳಗಾದದ್ದೂ ಅಲ್ಲ. ಒಂದೊಂದು ಎಳೆಯೂ ಸಪೂರ ಎಂದು. ಕೂದಲು ಕಡಿಮೆಯಾಗಿ ನೆತ್ತಿ ಕಾಣುತ್ತಿದ್ದರೆ ಅದು ‘ಥಿನ್ನಿಂಗ್ ಹೇರ್’. ಸಪೂರ ಎಳೆಯ ಕೂದಲು ದಟ್ಟವಾಗಿಯೂ ಇರಬಹುದು.

ಸಂಖ್ಯೆ ಏರಿದರೆ ನುಣುಪೋ, ಇಳಿದರೆ ನುಣುಪೋ

ಅಂಗಡಿಯಲ್ಲಿ ಫೈನ್ ಎಂಬುದು ಸಂಖ್ಯೆಯ ವೇಷದಲ್ಲಿ ಬರುತ್ತದೆ, ದಿಕ್ಕು ತಪ್ಪಿದರೆ ದುಡ್ಡು ದಂಡ. ಜರಡಿಯ ಮೆಶ್, ಉಪ್ಪುಕಾಗದದ ಗ್ರಿಟ್, ಹತ್ತಿ ನೂಲಿನ ಕೌಂಟ್, ಇಂಜೆಕ್ಷನ್ ಸೂಜಿಯ ಗೇಜ್, ಈ ನಾಲ್ಕರಲ್ಲೂ ಸಂಖ್ಯೆ ದೊಡ್ಡದಾದಷ್ಟೂ ಫೈನ್. 60ರ ಉಪ್ಪುಕಾಗದ ಮರವನ್ನು ಕೆರೆಯುತ್ತದೆ, 220ರದ್ದು ಬಣ್ಣ ಹಚ್ಚುವ ಮುಂಚೆ ನಯ ಮಾಡುತ್ತದೆ. 100ರ ಕೌಂಟ್ ನೂಲು 40ಕ್ಕಿಂತ ಸಪೂರ. ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಮಿಲಿಮೀಟರ್, ಡೆನಿಯರ್‌ಗಳಲ್ಲಿ ತಿರುಗುಮುರುಗು, ಸಂಖ್ಯೆ ಚಿಕ್ಕದಾದಷ್ಟೂ ಫೈನ್. ಡೆನಿಯರ್ ಎಂದರೆ 9000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂಬುದು. ರೇಷ್ಮೆ ವ್ಯಾಪಾರದಲ್ಲಿ ಕೇಳಿಬರುವ ‘20/22’ ಎಂಬುದು 20ರಿಂದ 22 ಡೆನಿಯರ್ ನಡುವಿನ ಎಳೆ. ಗಾಳಿಯ ಮಾಲಿನ್ಯದ ಸುದ್ದಿಯಲ್ಲಿ ಬರುವ ಪಿಎಂ 2.5 ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಕಣ. ಇಂಗ್ಲಿಷ್ ಪತ್ರಿಕೆಗಳು ಅದನ್ನು ‘ಫೈನ್ ಪಾರ್ಟಿಕಲ್ಸ್’ ಎನ್ನುತ್ತವೆ. ಕನ್ನಡದಲ್ಲಿ ಸೂಕ್ಷ್ಮ ಕಣ ಎಂದರೆ ಸಾಕು.

ಮನೆ ಕಟ್ಟಿಸುವವರ ಬಿಲ್ಲಿನಲ್ಲಿ ‘ಫೈನ್ ಅಗ್ರಿಗೇಟ್’ ಎಂದು ಕಂಡರೆ ಅದು ಮರಳು, 4.75 ಮಿಲಿಮೀಟರಿನ ಜರಡಿಯಲ್ಲಿ ಇಳಿಯುವಂಥದ್ದು. ಜಲ್ಲಿ ‘ಕೋರ್ಸ್’. ಗಿಲಾವಿನ ಪಿ ಸ್ಯಾಂಡ್ ಕಾಂಕ್ರೀಟಿನ ಎಂ ಸ್ಯಾಂಡಿಗಿಂತ ಫೈನ್. ಆದರೆ ಹೆಚ್ಚು ಫೈನ್ ಎಂದರೆ ಹೆಚ್ಚು ಒಳ್ಳೆಯದು ಎಂದುಕೊಂಡು ಪಿ ಸ್ಯಾಂಡನ್ನೇ ಕಾಂಕ್ರೀಟಿಗೂ ಸುರಿಯಬಾರದು. ಕಣ ಸಣ್ಣದಾದಷ್ಟೂ ಒಟ್ಟು ಹೊರಮೈ ಹೆಚ್ಚಿ ಅದು ಹೆಚ್ಚು ನೀರು ಕುಡಿಯುತ್ತದೆ, ನೀರು ಹೆಚ್ಚಿದರೆ ಬಲ ಕುಗ್ಗುತ್ತದೆ.

ಚಿನ್ನದ ನಾಣ್ಯದ ಮೇಲಿನ ‘ಫೈನ್ ಗೋಲ್ಡ್ 999.9’ರಲ್ಲಿ ಫೈನ್ ಎಂದರೆ ಅಪ್ಪಟ, ಸಾವಿರ ಪಾಲಿನಲ್ಲಿ 999.9 ಪಾಲು ಚಿನ್ನ. ಒಡವೆಯ ಮೇಲಿನ 22ಕೆ916 ಮುದ್ರೆಯೂ ಇದೇ ಅಳತೆ. 22ನ್ನು 24ರಿಂದ ಭಾಗಿಸಿದರೆ 0.916 ಚಿಲ್ಲರೆ. 18 ಕ್ಯಾರೆಟ್ಟಿಗೆ 750. ಹಳೆಯ ಒಡವೆ ಕೊಡುವಾಗ ‘ಫೈನ್ ವೆಯ್ಟ್’ ಎಂದರೆ ಒಡವೆಯ ತೂಕವಲ್ಲ, ಅದರೊಳಗಿನ ಶುದ್ಧ ಚಿನ್ನದ ತೂಕ. 8 ಗ್ರಾಮಿನ 22 ಕ್ಯಾರೆಟ್ ಬಳೆಗೆ ಅದು ಸುಮಾರು 7.33 ಗ್ರಾಂ. ಹರಳು, ಅರಗಿನ ತೂಕ ಕಳೆದಮೇಲೆ ಈ ಲೆಕ್ಕ ಹಾಕಬೇಕು.

ಆಸ್ಪತ್ರೆಯಲ್ಲಿ ಎಫ್ಎನ್ಎಸಿ ಎಂದು ಬರೆದುಕೊಟ್ಟರೆ ಅದರ ಮೊದಲ ಅಕ್ಷರ ಇದೇ ಫೈನ್: ಸಪೂರ ಸೂಜಿಯಿಂದ ಗಂಟಿನ ಜೀವಕೋಶ ಹೀರಿ ಪರೀಕ್ಷಿಸುವುದು. ಮಕ್ಕಳ ಶಾಲೆಯ ವರದಿಯಲ್ಲಿ ‘ಫೈನ್ ಮೋಟರ್ ಸ್ಕಿಲ್ಸ್’ ಎಂದಿದ್ದರೆ ಮಗು ಚೆನ್ನಾಗಿ ಮಾಡುತ್ತಿದೆ ಎಂದು ಖುಷಿಪಡುವ ಮುಂಚೆ ಮುಂದಿನ ಸಾಲು ಓದಿ. ಅದು ಬೆರಳಿನ ಸೂಕ್ಷ್ಮ ಕೆಲಸದ ಹೆಸರು: ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು, ಮಣಿ ಪೋಣಿಸುವುದು. ಅದು ಚುರುಕಾಗಿದೆಯೋ ಅಭ್ಯಾಸ ಬೇಕೋ ಎಂಬುದು ಮುಂದಿನ ಸಾಲಿನಲ್ಲಿರುತ್ತದೆ.

ಕ್ರಿಕೆಟ್ಟಿನ ಫೈನ್ ಲೆಗ್ ಕೂಡ ಸಪೂರದ ಸಂಬಂಧಿಯೇ. ಪಿಚ್ಚಿನ ನೇರ ಗೆರೆಯನ್ನು ಬ್ಯಾಟರ್ ಹಿಂದಕ್ಕೆ ಎಳೆಯಿರಿ, ಆ ಗೆರೆಗೆ ಹತ್ತಿರವಾದಷ್ಟೂ ಕೋನ ಕಿರಿದು, ಆದ್ದರಿಂದ ಫೈನ್. ಗೆರೆಗೆ ಅಡ್ಡಲಾಗಿ ನಿಂತರೆ ಸ್ಕ್ವೇರ್ ಲೆಗ್.

ದಂಡದ ಫೈನ್, ಮತ್ತೆ ಉಚ್ಚಾರ

ದಂಡವಾದಾಗ ಇದು ಎಣಿಸಬಲ್ಲ ನಾಮಪದ, ಅದಕ್ಕಿಂತ ಮೊದಲು ‘ಎ’ ಬೇಕು. ‘ಫೈನ್ ಹಾಕಿದ್ರು’ ಎಂಬುದನ್ನು ‘ದೆ ಪುಟ್ ಫೈನ್’ ಎಂದು ಇಳಿಸಬೇಡಿ. ‘ಐ ವಾಸ್ ಫೈನ್ಡ್ ಫಿಫ್ಟಿ ರುಪೀಸ್’, ಯಾತಕ್ಕೆ ಎಂದು ಹೇಳಲು ‘ಫಾರ್’. ಕಟ್ಟುವುದಕ್ಕೆ ‘ಪೇ ಎ ಫೈನ್’. ಫಲಕ ಬರೆಸುವವರು ‘ಫೈನ್ ಫಾರ್ ಪಾರ್ಕಿಂಗ್’ ಎಂದು ಬರೆಸಿದರೆ ‘ಇಲ್ಲಿ ನಿಲ್ಲಿಸಲು ಅಡ್ಡಿಯಿಲ್ಲ’ ಎಂದೂ ಓದಬಹುದು. ‘ನೋ ಪಾರ್ಕಿಂಗ್’ ಮೊದಲು, ಅದರ ಕೆಳಗೆ ದಂಡದ ಮೊತ್ತ, ಆಗ ಎರಡರ್ಥಕ್ಕೆ ಎಡೆಯಿಲ್ಲ.

ಕ್ರಿಯೆಯ ಜೊತೆ ಬರುವಾಗ ‘ಪರವಾಗಿಲ್ಲದ ಹಾಗೆ’ ಎಂಬ ಅರ್ಥಕ್ಕೆ ಫೈನ್ ಹಾಗೇ ಉಳಿಯುತ್ತದೆ: ‘ದ ಫೋನ್ ವರ್ಕ್ಸ್ ಫೈನ್.’ ಸಣ್ಣಗೆ ಹೆಚ್ಚುವುದಕ್ಕೆ ‘ಫೈನ್ಲಿ’. ‘ದ ಫೋನ್ ವರ್ಕ್ಸ್ ಫೈನ್ಲಿ’ ತಪ್ಪು.

ಉಚ್ಚಾರಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ಮೆಲ್ಲಗೆ ಮುಟ್ಟಬೇಕು, ತುಟಿ ಎರಡೂ ಕೂಡಬಾರದು. ಕೂಡಿದರೆ ಅದು ‘ಪೈನ್’, ಸೂಚಿಪರ್ಣದ ಮರ. ‘ಫೈನ್ಡ್’ ಎಂಬ ಭೂತರೂಪವೂ ಹುಡುಕಿ ಪಡೆಯುವ ‘ಫೈಂಡ್’ ಎಂಬುದೂ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರ. ಕೇಳಿಸಿದ್ದು ಯಾವುದು ಎಂದು ತಿಳಿಯಲು ಅದಕ್ಕಿಂತ ಮೊದಲು ‘ವಾಸ್’ ಅಥವಾ ‘ಗಾಟ್’ ಇದೆಯೇ ಗಮನಿಸಿ. ಇದ್ದರೆ ಯಾರೋ ದಂಡ ಕಟ್ಟಿದ್ದಾರೆ.